ಬೆನ್ನಿರುವ ಗುಡ್ಡ

ನಮ್ಮೂರಿನಲ್ಲಿ ಕೈ ಎತ್ತಿ ಯಾವುದನ್ನೂ ತೀರ್ಮಾನಿಸುವುದಿಲ್ಲ. ಚಪ್ಪಲಿ ಬಿಟ್ಟು ತೀರ್ಮಾನಿಸುತ್ತೇವೆ. ಮಾಘ ಮಾಸದ ಒಂದು ಬೆಳಿಗ್ಗೆ ಎಲ್ಲರೂ ಕೆರೆ ಏರಿಯ ಮೇಲೆ ಸೇರುತ್ತಾರೆ. ಈ ವರ್ಷ ನಡೆಯಲಿಕ್ಕೆ ದೇಶದ ಯಾವ ಸೀಮೆಗೆ ಹೋಗಬೇಕು ಎಂದು ಮಧ್ಯಾಹ್ನದವರೆಗೆ ಕಿತ್ತಾಡುತ್ತಾರೆ. ಕೊನೆಗೆ ತಮಗೆ ಬೇಕಾದ ಸೀಮೆಯ ರಾಶಿಗೆ ಎಡಗಾಲಿನ ಚಪ್ಪಲಿ ಬಿಟ್ಟು, ಬಲಗಾಲಿನದೊಂದನ್ನೇ ಮೆಟ್ಟಿಕೊಂಡು ಕುಂಟುತ್ತ ಮನೆಗೆ ಹೋಗುತ್ತಾರೆ. ಆ ಒಂದು ದಿನ ಊರೆಲ್ಲ ನನ್ನ ಹಾಗೆ ನಡೆಯುತ್ತದೆ. ನನ್ನ ಎಡಗಾಲು ಹುಟ್ಟಿದಾಗಿನಿಂದಲೂ ಎರಡು ಬೆರಳಷ್ಟು ಗಿಡ್ಡ.

ನಾನು ಗಾಳೆಮ್ಮ. ಊರಿಗೆಲ್ಲ ಗಾಳೆಕ್ಕ. ಬಸ್ ನಿಲ್ದಾಣದ ಹುಣಸೆಮರದ ಕೆಳಗೆ ಚಪ್ಪಲಿ ಹೊಲಿಯುತ್ತೇನೆ. ನನ್ನ ಎಡಗಾಲಿನ ಚಪ್ಪಲಿಗೆ ಹಳೆಯ ಟೈರಿನ ಮೂರು ಅಟ್ಟೆ, ಬಲಗಾಲಿನದಕ್ಕೆ ಒಂದೇ. ಮೆಟ್ಟಿದರೆ ಎಲ್ಲರಷ್ಟೇ ನೆಟ್ಟಗೆ ನಿಲ್ಲುತ್ತೇನೆ; ನಡೆದರೆ ಮಾತ್ರ ಬಣ್ಣ ಬಯಲಾಗುತ್ತದೆ. ರಾಶಿಯ ಚಪ್ಪಲಿಗಳನ್ನು ಎಣಿಸುವ ಕೆಲಸ ಮೂವತ್ತೊಂದು ವರ್ಷ ನನ್ನದೇ ಆಗಿತ್ತು. ಏಕೆಂದರೆ ಊರಿನ ಪ್ರತಿ ಚಪ್ಪಲಿಯೂ ಒಂದಲ್ಲ ಒಂದು ದಿನ ನನ್ನ ಮಡಿಲಲ್ಲಿ ಬೋರಲು ಬಿದ್ದದ್ದೇ. ಯಾರಾದರೂ ಹೆಂಡತಿಯದನ್ನೂ ತಂದು ಸದ್ದಿಲ್ಲದೆ ಸೇರಿಸಿದರೆ ನನಗೆ ತಕ್ಷಣ ಗೊತ್ತಾಗುತ್ತದೆ. ಎಣಿಸುವವಳು ತಾನು ಯಾವ ರಾಶಿಗೂ ಬಿಡಬಾರದು ಎಂದು ಯಾರೂ ಹೇಳಿರಲಿಲ್ಲ. ಆದರೂ ನಾನು ಬಿಟ್ಟಿರಲಿಲ್ಲ.

ಈ ಆಯ್ಕೆಗೆ ಊರು ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ನಮ್ಮೂರಿನ ಪಡುವಣ ದಿಕ್ಕು ಖಾಲಿ. ಕೆರೆ ಏರಿಯಾಚೆ ಏನೂ ಇಲ್ಲ. ಸುಣ್ಣ ಬಳಿದ ಗೋಡೆಯ ಬಣ್ಣ, ಅಷ್ಟೇ. ನಡೆಯಲು ಹೋದ ತಂಡ ಯಾವ ಸೀಮೆಯನ್ನು ನಡೆದು ಬರುತ್ತದೋ ಆ ಸೀಮೆ ಅವರು ಊರಿಗೆ ಬಂದ ಮೂರನೆಯ ಬೆಳಿಗ್ಗೆ ಏರಿಯಾಚೆ ಬಂದು ನಿಲ್ಲುತ್ತದೆ. ಮನುಷ್ಯರು ಬರುವುದಿಲ್ಲ, ಮನೆಗಳು ಬರುವುದಿಲ್ಲ. ನೆಲ, ನೀರು, ಗಿಡ, ಹಕ್ಕಿ, ಮೃಗ ಬರುತ್ತವೆ. ಮುಂದಿನ ತಂಡ ಹೊರಡುವವರೆಗೆ ಇರುತ್ತವೆ.

ಮರಳ ಸೀಮೆ ಬಂದ ವರ್ಷ ಸಾರಿನಲ್ಲಿ ಮರಳು ಸಿಕ್ಕರೆ ಯಾರೂ ಹೆಂಡತಿಯನ್ನು ಬಯ್ಯುತ್ತಿರಲಿಲ್ಲ. ಕಡಲ ಸೀಮೆ ಬಂದ ವರ್ಷ ಸೈಕಲ್ಲುಗಳೆಲ್ಲ ತುಕ್ಕು ಹಿಡಿದವು, ಮೀನು ಮುಟ್ಟದ ಮನೆಗಳಲ್ಲೂ ಬೆಕ್ಕುಗಳು ದಪ್ಪಗಾದವು. ಆಮೇಲೆ ಹಿಮದ ಸೀಮೆ ಬಂತು. ಚೆನ್ನಾಗಿದೆ ಎಂದು ಮರುವರ್ಷವೂ ಅದನ್ನೇ ತಂದರು, ಅದರ ಮರುವರ್ಷವೂ ಅದನ್ನೇ. ಮೂರು ವರ್ಷ ನಮ್ಮೂರು ಬೆಳ್ಳಗಿನ ಬೆಟ್ಟದ ಕೆಳಗೆ ಕೆಮ್ಮಿಕೊಂಡು ಬಾಳಿತು. ಲಾಭವಾದದ್ದು ಹೋಟೆಲಿನ ವಸಂತಯ್ಯನಿಗೆ. ಹೊರಗಿನವರು ಬಂದು, ಅವನ ಬೆಂಚಿನ ಮೇಲೆ ಕೂತು, ಬಿಸಿ ಟೀ ಕುಡಿಯುತ್ತ ಬೆಟ್ಟ ನೋಡುತ್ತಿದ್ದರು.

ಕೂತು ನೋಡುವುದಕ್ಕಷ್ಟೇ ಆ ಬೆಟ್ಟ. ಹತ್ತಿ ಆಚೆ ಇಣುಕಿದರೆ ಅಲ್ಲಿ ಏನೂ ಇಲ್ಲ. ಮತ್ತೆ ಅದೇ ಸುಣ್ಣದ ಗೋಡೆಯ ಬಣ್ಣ. ಯಾವ ಸೀಮೆ ಬಂದರೂ ಹೀಗೆಯೇ, ನಾಟಕದ ಪರದೆಯ ಹಾಗೆ ಎದುರು ಮಾತ್ರ. ಬೆಟ್ಟಗಳಿಗೆ ಹಿಂಬದಿ ಇರುವುದಿಲ್ಲ ಎಂದೇ ನಮ್ಮೂರಿನ ಮಕ್ಕಳು ನಂಬಿದ್ದರು. ದೊಡ್ಡವರಿಗೆ ಗೊತ್ತಿದ್ದರೂ ಬಂದ ನೆಂಟರ ಕುಂದು ಎತ್ತಿ ಆಡಬಾರದೆಂಬಂತೆ ಸುಮ್ಮನಿರುತ್ತಿದ್ದರು.

ನಿಯಮಗಳು ಎರಡೇ. ಗೆದ್ದ ರಾಶಿಗೆ ಮೊದಲ ಚಪ್ಪಲಿ ಇಟ್ಟವರು ನಡೆಯಲು ಹೋಗಲೇಬೇಕು. ಸೀಮೆಯ ಗಡಿಕಲ್ಲು ದಾಟಿ ಒಳಗೆ ಹೋದ ಮೇಲೆ, ಹೊರಗೆ ಬರುವ ತನಕ ತಂಡದ ಒಬ್ಬರೂ ಚಕ್ರದ ಮೇಲೆ ಕೂರಬಾರದು. ಕೂತರೆ ವರ್ಷವಿಡೀ ಏರಿಯಾಚೆ ಖಾಲಿ. ಹನ್ನೊಂದು ವರ್ಷದ ಹಿಂದೆ ಹಾಲಿನ ನಂಜುಂಡಪ್ಪ ಕಾಲು ಉಳುಕಿತೆಂದು ಎರಡು ಫರ್ಲಾಂಗು ಎತ್ತಿನ ಗಾಡಿ ಹತ್ತಿಬಿಟ್ಟ. ಆ ವರ್ಷ ಹೊತ್ತು ಮುಳುಗಲು ಜಾಗವಿಲ್ಲದೆ ಸಂಜೆಗಳು ಎಳೆದಷ್ಟೂ ಉದ್ದವಾದವು. ದನಗಳಿಗೆ ಕೊಟ್ಟಿಗೆಗೆ ಮರಳುವ ಹೊತ್ತು ತಿಳಿಯಲಿಲ್ಲ, ಕೂಸುಗಳು ಮಲಗಲಿಲ್ಲ, ನಾಲ್ಕು ಸಂಸಾರಗಳು ಊರೇ ಬಿಟ್ಟವು. ಅವನನ್ನು ಆಮೇಲೆ ಗಾಡಿ ನಂಜುಂಡಪ್ಪ ಎಂದೇ ಕರೆಯುತ್ತಿದ್ದರು. ಪಾಪ, ಹಾಲಿಗೆ ನೀರು ಹಾಕದ ಮನುಷ್ಯ.

ಹಿಮದ ಮೂರು ವರ್ಷ ಮುಗಿದು ಬಂದ ಆಯ್ಕೆಯ ದಿನ ಎರಡು ರಾಶಿ ಬಿದ್ದಿದ್ದವು. ಹಿಮದ ಸೀಮೆಗೆ ಮೊದಲ ಚಪ್ಪಲಿ ಇಟ್ಟವನು ಹಾಲೇಶ. ತಂಡದ ಮುಂದಾಳು, ಮೂವತ್ತರ ಪ್ರಾಯ, ಜಿಂಕೆಯ ಕಾಲು. ಎಲ್ಲರೂ ಏಳು ದಿನ ನಡೆಯುವ ಸೀಮೆಯನ್ನು ಅವನು ಐದೇ ದಿನದಲ್ಲಿ ಮುಗಿಸಿ ಬರುತ್ತಿದ್ದ. ಊರು ಅದನ್ನು ಹೊಗಳುತ್ತಿತ್ತು. ಅವನ ಹಿಂದೆ ಉಬ್ಬಿಕೊಂಡು ನಿಂತಿದ್ದವನು ವಸಂತಯ್ಯ. ಇನ್ನೊಂದು ರಾಶಿ ಕಡಲ ಸೀಮೆಯದು. ಹಿಮದವರಿಗೆ ಉಪ್ಪುಗಾಳಿ ಆಗದು, ಕಡಲಿನವರಿಗೆ ಕೆಮ್ಮು ಬಿಡದು. ಮಾತಿಗೆ ಮಾತು ಬೆಳೆದು, ಬಲಗಾಲಿನ ಚಪ್ಪಲಿಗಳೂ ಕೈಗೆ ಬರುವ ಹೊತ್ತಾಗಿತ್ತು.

ನನಗೆ ಆಗ ಏನಾಯಿತೋ, ಎಣಿಸಲು ಕೂತಿದ್ದವಳು ಎದ್ದೆ. ಎರಡೂ ರಾಶಿಗಳಿಂದ ದೂರ ಹೋಗಿ ಎಡಗಾಲಿನ ಮೂರಟ್ಟೆಯ ಚಪ್ಪಲಿಯನ್ನು ಬಿಟ್ಟೆ. "ಕಲ್ಲುಸೀಮೆ" ಎಂದೆ.

ಏರಿಯ ಮೇಲೆ ನಗು ಎದ್ದಿತು.

"ಅಲ್ಲ ಗಾಳೆಕ್ಕ, ಕಲ್ಲು ನೋಡೋಕೆ ಅಷ್ಟು ದೂರ ಹೋಗ್ಬೇಕಾ? ನಮ್ ಹೋಟ್ಲಿನ ರುಬ್ಬೋಗುಂಡು ನೋಡಿದ್ರೆ ಸಾಲ್ದಾ?" ಎಂದ ವಸಂತಯ್ಯ.

ಕಲ್ಲುಸೀಮೆ ನನ್ನ ತವರು. ಹತ್ತೊಂಬತ್ತರ ವಯಸ್ಸಿನಲ್ಲಿ ಮದುವೆಯಾಗಿ ಬಂದವಳು ಮತ್ತೆ ಅಲ್ಲಿಗೆ ಹೋಗಿರಲಿಲ್ಲ. ಅವ್ವ ತೀರಿಕೊಂಡ ಸುದ್ದಿ ತಿಂಗಳು ಕಳೆದು ಬಂತು. ಮನೆ ಬಿದ್ದಿತು, ಅಣ್ಣ ಎಲ್ಲಿಗೋ ಹೋದ. ವರ್ಷ ವರ್ಷ ಯಾರು ಯಾರದೋ ಸೀಮೆ ಬಂದು ನನ್ನ ಅಂಗಡಿಯೆದುರು ನಿಲ್ಲುವಾಗ, ಒಂದೇ ಒಂದು ಸಲ ನನ್ನದೂ ಬರಲಿ ಎಂದು ಜೀವ ಬಡಿದುಕೊಳ್ಳುತ್ತಿತ್ತು. ಅದನ್ನೆಲ್ಲ ಹೇಳಿಕೊಂಡರೆ ಅಯ್ಯೋ ಪಾಪ ಅನ್ನುತ್ತಾರೆ, ಚಪ್ಪಲಿ ಬಿಡುವುದಿಲ್ಲ. ಊರಿನವರನ್ನು ನಾನು ಬಲ್ಲೆ.

ಹೆಂಗಸರ ಕಡೆ ತಿರುಗಿ, "ಮೂರು ವರ್ಷದಿಂದ ಯಾರ ಮನೇಲಾದ್ರೂ ಹಪ್ಪಳ ಸರಿಯಾಗಿ ಒಣಗಿದ್ಯಾ?" ಎಂದು ಕೇಳಿದೆ.

ಯಾರೂ ನಗಲಿಲ್ಲ. "ಸಂಡಿಗೆ? ಮೆಣಸಿನಕಾಯಿ? ಹೋಗ್ಲಿ, ಕೂಸಿನ ಬಟ್ಟೆ? ಕಡಲು ಬಂದ್ರೂ ಒಣಗಲ್ಲ, ತಿಳ್ಕೊಳ್ಳಿ. ನಮ್ ಸೀಮೆ ಬಂಡೆ ಮೇಲೆ ಬೆಳಿಗ್ಗೆ ಹಪ್ಪಳ ಹಾಕಿದ್ರೆ ಮಧ್ಯಾಹ್ನ ಡಬ್ಬಕ್ಕೆ ತುಂಬಬೋದು."

ಮೊದಲು ಬಂದವನು ನಂಜುಂಡಪ್ಪ. ಹನ್ನೊಂದು ವರ್ಷದಿಂದ ಯಾವ ರಾಶಿಯವರೂ ಅವನ ಚಪ್ಪಲಿಯನ್ನು ಅಕ್ಕರೆಯಿಂದ ಬರಮಾಡಿಕೊಂಡಿರಲಿಲ್ಲ. ನನ್ನದರ ಪಕ್ಕ ಮೆಲ್ಲಗೆ ತನ್ನದನ್ನಿಟ್ಟು ಹೋದ. ಆಮೇಲೆ ಹೆಂಗಸರು ಬಂದರು. ಕಡಲ ರಾಶಿಯಲ್ಲಿ ಬಿಟ್ಟಿದ್ದವರೂ ವಾಪಸು ಎತ್ತಿಕೊಂಡು ಬಂದರು. ಎಣಿಸಿದಾಗ ಕಲ್ಲುಸೀಮೆಗೆ ಹದಿನಾಲ್ಕು ಚಪ್ಪಲಿ ಹೆಚ್ಚಿದ್ದವು. ನಾನೇ ಎಣಿಸಿದ್ದೆಂದು ವಸಂತಯ್ಯ ಮತ್ತೆ ಎಣಿಸಿದ. ಹದಿನೈದು ಬಂತು.

ಆಗ ಹಾಲೇಶನಿಗೆ ನಿಯಮ ನೆನಪಾಯಿತು. ಅವನ ಮುಖ ಸಪ್ಪಗಾಯಿತು. "ಅಕ್ಕ, ಮೊದಲ ಚಪ್ಪಲಿ ನಿಂದು. ನೀನು ಏಳು ದಿನ ನಡೀಬೇಕು. ಆಗುತ್ತಾ ನಿನ್ ಕೈಲಿ?"

"ಕೈಲಿ ಆಗಲ್ಲ, ಕಾಲಲ್ಲಿ ಆಗುತ್ತೆ" ಎಂದೆ. ಬಾಯಿ ಹಾಗೆಂದಿತು, ಭಯ ಒಳಗೇ ಇತ್ತು. ನನ್ನಿಂದ ಊರಿಗೆ ಇನ್ನೊಂದು ಖಾಲಿ ವರ್ಷ ಬಂದರೆ, ಸತ್ತ ಮೇಲೂ ನನ್ನನ್ನು ಗಾಡಿ ಗಾಳೆಕ್ಕ ಎಂದೇ ಕರೆದಾರು.

ನಾನು, ಹಾಲೇಶ, ಅವನ ತಂಡದ ಐವರು ಹುಡುಗರು, ಒಟ್ಟು ಏಳು ಜನ ಹೊರಟೆವು. ಬಸ್ಸು, ರೈಲು, ಮತ್ತೆ ಬಸ್ಸು. ಗಡಿಕಲ್ಲಿನ ಹತ್ತಿರ ಇಳಿದಾಗ ಬಿಸಿಗಾಳಿ ಮುಖಕ್ಕೆ ಬಡಿಯಿತು; ಒಣಹುಲ್ಲಿನ, ಕಾದ ಕಲ್ಲಿನ ವಾಸನೆ. ನಾಚಿಕೆ ಬಿಟ್ಟು ಅತ್ತೆ. ಹುಡುಗರು ಬೇರೆ ಕಡೆ ನೋಡುತ್ತ ಬೂಟಿನ ದಾರ ಬಿಗಿದುಕೊಂಡರು.

ನಡಿಗೆಯಲ್ಲಿ ನಾನು ಯಾವಾಗಲೂ ಕೊನೆ. ಅವರು ಮಧ್ಯಾಹ್ನಕ್ಕೆ ಮುಟ್ಟಿದ ಜಾಗವನ್ನು ನಾನು ಇಳಿಹೊತ್ತಿಗೆ ಮುಟ್ಟುತ್ತಿದ್ದೆ. ಹಾಲೇಶನ ಕಿಸೆಯಲ್ಲಿ ನೋಡಬೇಕಾದ ಜಾಗಗಳ ಚೀಟಿ ಇರುತ್ತಿತ್ತು. ಹೋಗುವುದು, ನಿಲ್ಲುವುದು, ಫೋಟೊ ಹಿಡಿಯುವುದು, ಹೋದ ದಾರಿಯಲ್ಲೇ ಬರುವುದು. ಕಲ್ಲುಸೀಮೆಯ ಚೀಟಿಯಲ್ಲಿ ಒಂದೇ ಹೆಸರಿತ್ತು, ಒಡಕಲ ಗುಡ್ಡ. ಅದನ್ನು ಮುಟ್ಟಿದ್ದು ಐದನೆಯ ದಿನ.

ಒಡಕಲ ಗುಡ್ಡ ದೊಡ್ಡದೇನಲ್ಲ. ನಡುವೆ ಸೀಳಿದ ಒಂದೇ ಬಂಡೆ. ಆ ಸೀಳಿನೊಳಗೆ ಕೈಕಾಲು ಊರಿ ಹತ್ತಬೇಕು. ಐವರು ಹುಡುಗರು ಹತ್ತಿಯೇಬಿಟ್ಟರು. ನಾನು ಹುಡುಗಿಯಾಗಿದ್ದಾಗಲೂ ಅದನ್ನು ಹತ್ತಿದವಳಲ್ಲ. ನಮ್ಮ ಮನೆ ಗುಡ್ಡದ ಹಿಂದಿತ್ತು. ಓರಗೆಯವರು ಸೀಳಿನಲ್ಲಿ ಹತ್ತಿ ಇಳಿದರೆ ನಾನು ಬುಡ ಹಿಡಿದು ಸುತ್ತಿ ಹೋಗುತ್ತಿದ್ದೆ. "ನೀವು ಹತ್ತಿ ಇಳ್ಕೊಂಡು ಬನ್ನಿ, ನಾನು ಒಂದು ಸುತ್ತು ಹೋಗ್ಬರ್ತೀನಿ" ಎಂದೆ. ಇವಳು ಎಲ್ಲಾದರೂ ಬಿದ್ದು ಊರಿನ ತಲೆಯ ಮೇಲೆ ಕಲ್ಲು ಹಾಕಿಯಾಳೆಂದು ಹಾಲೇಶನೂ ಗೊಣಗುತ್ತ ಹಿಂದೆ ಬಂದ.

ಮೂವತ್ತೇಳು ವರ್ಷದಲ್ಲಿ ಸುತ್ತುದಾರಿ ಪೂರಾ ಮುಳ್ಳು ಹಿಡಿದಿತ್ತು. ಕಾರೆಮುಳ್ಳು ಬಿಡಿಸಿಕೊಳ್ಳುತ್ತ ಅರ್ಧ ಹೋಗಿರಬೇಕು, ಎಡಗಾಲು ಹಗುರವಾದಂತಾಯಿತು. ನೋಡಿದರೆ ಮೂರು ಅಟ್ಟೆಯಲ್ಲಿ ಎರಡು ಹೋಗಿವೆ. ಕಾದ ಮರಳಿನಲ್ಲಿ ಅಂಟು ಬಿಟ್ಟು ಎಲ್ಲಿ ಕಳಚಿದವೋ, ಹಿಂದೆ ಹೋಗಿ ಹುಡುಕಿದರೂ ಸಿಗಲಿಲ್ಲ. ಊರಿನವರಿಗೆಲ್ಲ ಮೊಳೆ ಹೊಡೆದು ಗಟ್ಟಿಮಾಡಿ ಕೊಡುವ ನಾನು, ನನ್ನದಕ್ಕೆ ಹೊರಡುವ ಗಡಿಬಿಡಿಯಲ್ಲಿ ಬರೀ ಅಂಟು ಹಾಕಿದ್ದೆ. ನಾಚಿಕೆಗೇಡು. ಮೂರು ಹೆಜ್ಜೆ ಇಡುವುದರೊಳಗೆ ಸೊಂಟ ಹಿಡಿಯಿತು, ಮಂಡಿ ಊದಿತು. ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ.

ಪಕ್ಕದ ಬಂಡಿದಾರಿಯಲ್ಲಿ ಹುಲ್ಲು ತುಂಬಿದ ಗಾಡಿಯೊಂದು ಬಂದದ್ದು ಆಗಲೇ. ಗಾಡಿಯವನು ಎತ್ತು ನಿಲ್ಲಿಸಿ, "ಹತ್ತು ತಾಯಿ, ದಾರಿ ಮುಗಿಯೋವರ್ಗೂ ಬಿಡ್ತೀನಿ" ಎಂದ. ಒಳ್ಳೆಯ ಮನುಷ್ಯ. ಹುಲ್ಲು ಮೆತ್ತಗಿತ್ತು.

ಹಾಲೇಶ ಅತ್ತ ಇತ್ತ ನೋಡಿದ. "ಅಕ್ಕ, ಹತ್ತಿಬಿಡು. ಹುಡುಗ್ರು ಗುಡ್ಡದ ಮೇಲಿದಾರೆ. ನಾನಂತೂ ಯಾರಿಗೂ ಹೇಳಲ್ಲ."

"ನೀನು ಹೇಳಲ್ಲ ಕಣಪ್ಪ. ಸೀಮೆಗೆ ಗೊತ್ತಾಗುತ್ತಲ್ಲ."

"ಇಲ್ಲೇ ಕೂತಿದ್ರೂ ಆಗಲ್ಲ, ನಡೆಯೋಕೂ ಆಗಲ್ಲ. ಮತ್ತೇನ್ ಮಾಡ್ತೀಯಾ?"

ನಾನು ಆ ಗಾಡಿಯ ಕಡೆ ನೋಡಿದೆ. ಹತ್ತಬೇಕೆಂದು ಮನಸ್ಸಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ತುಂಬ ಆಯಿತು. ಆದರೆ ನನ್ನ ತವರನ್ನು ಊರಿನ ಮುಂದೆ ತಂದು ನಿಲ್ಲಿಸುತ್ತೇನೆಂದು ಬಂದವಳು, ಅದರ ಬುಡದಲ್ಲೇ ಅದನ್ನು ಕಳೆದುಹಾಕುವುದೇ? "ನೀನು ಹೋಗಣ್ಣ, ನಿನ್ ಎತ್ತು ತಣ್ಣಗಿರಲಿ" ಎಂದು ಗಾಡಿಯವನಿಗೆ ಕೈ ಮುಗಿದೆ. ಚಕ್ರದ ಸದ್ದು ದೂರವಾಯಿತು.

ಆಮೇಲೆ ಹಾಲೇಶ ನೆಲದ ಮೇಲೆ ಕೂತು ತನ್ನ ಎಡಗಾಲಿನ ಬೂಟು ಬಿಚ್ಚಿ ನನ್ನ ಮುಂದಿಟ್ಟ. ಪೇಟೆಯಿಂದ ತರಿಸಿದ್ದು, ಎರಡು ಬೆರಳು ದಪ್ಪದ ಅಟ್ಟೆ. ಊರಿನಲ್ಲಿ ಅದನ್ನು ನನಗೆ ಮುಟ್ಟಲೂ ಕೊಟ್ಟಿರಲಿಲ್ಲ. "ಕಿತ್ಕೋ" ಎಂದ.

ಚಪ್ಪಲಿ ಹೊಲಿಯುವವಳ ಸೊಂಟದಲ್ಲಿ ಉಳಿ, ದಬ್ಬಳ, ದಾರ ಇದ್ದೇ ಇರುತ್ತವೆ. ಅಟ್ಟೆ ಕಿತ್ತು, ನನ್ನ ಅಳತೆಗೆ ಕೊಯ್ದು, ಎರಡೆಳೆ ದಾರದಲ್ಲಿ ಸುತ್ತಲೂ ಹೊಲಿದೆ. ಎದ್ದು ನಿಂತೆ; ಸರಿಸಮ ನಿಂತೆ. ಹಾಲೇಶನೂ ಎದ್ದ. ಒಂದು ಕಾಲು ಬರಿಗಾಲು, ಒಂದರಲ್ಲಿ ಬೂಟು. ಒಂದು ಹೆಜ್ಜೆ ಇಟ್ಟು, ಮುಳ್ಳು ತಾಗಿ, ಕುಂಟಿದ. ನನಗೆ ನಗು ತಡೆಯಲಾಗಲಿಲ್ಲ. ಅವನಿಗೂ.

ಬರಿಗಾಲಿನವನು ಪ್ರತಿ ಹೆಜ್ಜೆಗೂ ನೆಲ ನೋಡಲೇಬೇಕು. ಹಾಲೇಶ ನೋಡಿದ. ಮುಳ್ಳಿನ ನಡುವೆ ಸಾಸಿವೆಯಷ್ಟು ಹಳದಿ ಹೂವಿದೆ ಎಂದ. ಈ ಕಲ್ಲಿನಡಿ ಓತಿಕೇತ ಮೊಟ್ಟೆ ಇಟ್ಟಿದೆ ಎಂದ. ಇದು ಯಾವುದರ ಹಿಕ್ಕೆ ಎಂದು ಕೇಳಿದ. ಕೃಷ್ಣಮೃಗದ್ದು ಎಂದೆ. ಗುಡ್ಡದ ಬೆನ್ನಿಗೆ ಬಂದಾಗ ಹುಲ್ಲುಗಾವಲು ತೆರೆದುಕೊಂಡಿತು. ಬಂಡೆಯ ಬುಡದಲ್ಲಿ, ಹುಡುಗಿಯಾಗಿದ್ದಾಗ ನಾನು ನೀರು ಕುಡಿಯುತ್ತಿದ್ದ ಒರತೆ ಹಾಗೆಯೇ ಇತ್ತು. ಮನೆಯಿದ್ದ ಜಾಗದಲ್ಲಿ ನಾಲ್ಕು ಕಲ್ಲು. ನಾನು ಬೊಗಸೆ ತುಂಬ ಕುಡಿದೆ. ಹಾಲೇಶ ಒರತೆಗೆ ಬಾಯಿ ಹಚ್ಚಿಯೇ ಕುಡಿದ. ಎದ್ದವನು, "ಎಂಟು ವರ್ಷದಿಂದ ನಡೀತಿದೀನಿ ಅಕ್ಕ, ಒಂದು ಬೆಟ್ಟದ ಹಿಂದೂ ಹೋಗಿರ್ಲಿಲ್ಲ" ಎಂದ.

ಹಾಗೆ ಕುಂಟುತ್ತ ಕುಂಟುತ್ತ, ಎದುರಾದ ಪ್ರತಿ ಗುಡ್ಡವನ್ನೂ ಸುತ್ತಿ ಹೊರಗೆ ಬರುವಾಗ ಒಂಬತ್ತು ದಿನವಾಗಿತ್ತು. ಹುಡುಗರು ಬಯ್ದುಕೊಂಡೇ ಹಿಂದೆ ಬಂದರು. ಊರಿನಲ್ಲಿ ಬಸ್ಸಿಳಿದರೆ ಜನ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಎರಡು ದಿನ ತಡ, ಏರಿಯಾಚೆ ಬಿಳಿ ಗೋಡೆ. ವಸಂತಯ್ಯ ಹಾಲೇಶನ ಬರಿಗಾಲನ್ನೂ ನನ್ನ ಚಪ್ಪಲಿಯನ್ನೂ ನೋಡಿ, "ಗಾಡಿ ಗೀಡಿ ಹತ್ತಿದ್ರಾ?" ಎಂದ. "ಇಲ್ಲ" ಎಂದ ಹಾಲೇಶ. ಯಾರೂ ನಂಬಿದಂತೆ ಕಾಣಲಿಲ್ಲ.

ಮೂರನೆಯ ಬೆಳಿಗ್ಗೆ ಊರೆಲ್ಲ ಏರಿಯ ಮೇಲಿತ್ತು. ಬೆಳಕು ಹರಿಯುತ್ತಿದ್ದ ಹಾಗೆ ಗೋಡೆಯ ಬಣ್ಣ ಕರಗಿ, ಒಡಕಲ ಗುಡ್ಡ ಬಂದು ನಿಂತಿತು. ನನ್ನ ಕಣ್ಣು ತುಂಬಿತು. ಆದರೆ ಅಕ್ಕಪಕ್ಕದವರ ಮುಖದಲ್ಲಿ ಹಿಗ್ಗು ಕಾಣಲಿಲ್ಲ. ಹಿಮದ ಬೆಟ್ಟ ನೋಡಿದ ಕಣ್ಣಿಗೆ ಅದು ಗಿಡ್ಡ, ಕಂದು, ಬೋಳು. "ಇಷ್ಟೇನಾ?" ಎಂದ ವಸಂತಯ್ಯ. ನಾನು ನನ್ನ ಕಾಲು ನೋಡಿಕೊಂಡು ನಿಂತೆ.

ಅಷ್ಟರಲ್ಲಿ ನಂಜುಂಡಪ್ಪನ ಕಪಿಲೆ ಹಸು ಹಗ್ಗ ಕಿತ್ತುಕೊಂಡು ಏರಿ ಇಳಿದು ಗುಡ್ಡದ ಕಡೆ ಓಡಿತು. ಅದರಲ್ಲಿ ವಿಶೇಷವೇನಿಲ್ಲ, ಪ್ರತಿ ವರ್ಷ ದನಗಳು ಹೊಸ ಸೀಮೆಯ ಅಂಚಿನವರೆಗೆ ಹೋಗುತ್ತವೆ, ಖಾಲಿ ಕಂಡು ತಿರುಗಿ ಬರುತ್ತವೆ. ಕಪಿಲೆ ಬರಲಿಲ್ಲ. ಗುಡ್ಡದ ಎಡ ಮಗ್ಗುಲಿನಲ್ಲಿ ಮರೆಯಾಯಿತು. ನಂಜುಂಡಪ್ಪ ಬಯ್ಯುತ್ತ ಹಿಂದೆ ಓಡಿ ಅವನೂ ಮರೆಯಾದ. ಊರು ಕಾಯಿತು. ಅವನ ಹೆಂಡತಿ ಹೆಸರು ಹಿಡಿದು ಕೂಗಿದಳು. ಹೆಂಗಸರು ಅಳಲು ಶುರುಮಾಡಿದರು. ಖಾಲಿಗೆ ಬಿದ್ದವರು ಏನಾಗುತ್ತಾರೆಂದು ಯಾರಿಗೂ ಗೊತ್ತಿಲ್ಲವಲ್ಲ.

ಒಂದು ಗಂಟೆಯಾಗಿರಬೇಕು. ಗುಡ್ಡದ ಬಲ ಮಗ್ಗುಲಿನಿಂದ ಕಪಿಲೆ ಬಂತು, ಬಾಯಿ ತುಂಬ ಹುಲ್ಲು. ಹಿಂದೆಯೇ ನಂಜುಂಡಪ್ಪ. ಅವನ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹಿಂದೆ ಐತೆ ಕಣ್ರೋ" ಎಂದ, ಏದುಸಿರು ಬಿಡುತ್ತ. "ಗುಡ್ಡದ ಹಿಂದೂ ಐತೆ. ಒರತೆ ಐತೆ, ಹುಲ್ಲೈತೆ, ಜಿಂಕೆ ಹಿಂಡು ಐತೆ. ಅದರಾಚೆ ಇನ್ನೊಂದು ಗುಡ್ಡ ಐತೆ, ಅದಕ್ಕೂ ಹಿಂದೆ ಐತೆ."

ಊರಿಗೆ ಊರೇ ಏರಿಯಿಂದ ಧುಮುಕಿತು. ಮುದುಕರು, ಬಾಣಂತಿಯರು, ಶಾಲೆಯ ಮೇಷ್ಟರು, ಕೊನೆಗೆ ಟೀ ಸೌಟು ಹಿಡಿದೇ ವಸಂತಯ್ಯ. ಮಕ್ಕಳು ಗುಡ್ಡದ ಎಡಕ್ಕೆ ಓಡಿ ಬಲಕ್ಕೆ ಬಂದರು, ಮತ್ತೆ ಓಡಿದರು. ಒಂದು ಬೆಟ್ಟವನ್ನು ಸುತ್ತಬಹುದೆಂದು ಅವರಿಗೆ ಆ ದಿನವೇ ಗೊತ್ತಾದದ್ದು. ಹಾಲೇಶ ಒರತೆಯ ಹತ್ತಿರ ನಿಂತು ಬಂದವರಿಗೆಲ್ಲ ಹೇಳುತ್ತಿದ್ದ: "ನಾವು ಹೋದ ದಾರೀಲೇ ವಾಪಸ್ ಬರ್ತಿದ್ವಿ, ಅದಕ್ಕೇ ಎದುರು ಮಾತ್ರ ಬರ್ತಿತ್ತು. ಅಕ್ಕ ಸುತ್ತಿದ್ರು." ಬಿದ್ದ ಮನೆ ಈಗ ಬರೀ ಕಲ್ಲಾದ್ದರಿಂದ ಅದೂ ಬಂದಿತ್ತು; ನಾನು ಆ ನಾಲ್ಕು ಕಲ್ಲುಗಳ ನಡುವೆ ಸೆರಗು ಹಾಸಿ ಕೂತೆ. ಊರು ನನ್ನ ತವರಿನಲ್ಲಿ ನೀರು ಕುಡಿಯುತ್ತಿತ್ತು. ಅಷ್ಟು ಹಿಗ್ಗು ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಆ ವರ್ಷ ಬಂಡೆಗಳ ಮೇಲೆಲ್ಲ ಹಪ್ಪಳ. ಬಂದವರು ವಸಂತಯ್ಯನ ಬೆಂಚಿನ ಮೇಲೆ ಕೂರದೆ ಗುಡ್ಡ ಸುತ್ತಲು ಹೋಗುತ್ತಿದ್ದರು. ಸುತ್ತಿ ಸುಸ್ತಾಗಿ ಬಂದವರು ಎರಡೆರಡು ಟೀ ಕುಡಿಯುತ್ತಾರೆಂದು ಗೊತ್ತಾದ ಮೇಲೆ ಅವನೂ ಕಲ್ಲುಸೀಮೆಯನ್ನು ಹೊಗಳತೊಡಗಿದ. ಗಾಡಿ ನಂಜುಂಡಪ್ಪನನ್ನು ಜನ ಒರತೆ ನಂಜುಂಡಪ್ಪ ಎನ್ನತೊಡಗಿದರು. ನನ್ನ ಅಂಗಡಿಯಲ್ಲಿ ಕೆಲಸ ಮೂರು ಪಟ್ಟಾಯಿತು. ಊರು ನಡೆಯಲು ಶುರುಮಾಡಿತ್ತು.

ಮುಂದಿನ ಮಾಘಕ್ಕೆ ನಾಲ್ಕು ದಿನವಿರುವಾಗ ಹಾಲೇಶ ತನ್ನ ಐವರನ್ನು ಕರೆದುಕೊಂಡು ಹುಣಸೆಮರದ ಕೆಳಗೆ ಬಂದ. ಆರೂ ಜನ ಸಾಲಾಗಿ ನಿಂತು, ಎಡಗಾಲು ಮುಂದೆ ಚಾಚಿದರು.

"ಅಕ್ಕ, ನಮ್ಗೆಲ್ಲ ಒಂದೊಂದು ಮೂರಟ್ಟೆ ಚಪ್ಪಲಿ ಮಾಡ್ಕೊಡು. ಎಡಗಾಲಿಗೆ ಮಾತ್ರ. ನಿನ್ ಥರಾನೇ ನಡೀಬೇಕು."

ನಾನು ಅವರ ಕಾಲುಗಳನ್ನು ನೋಡಿದೆ. ಗಟ್ಟಿ ಕಾಲು, ಸಮ ಕಾಲು. ದಬ್ಬಳ ಕೆಳಗಿಟ್ಟೆ. "ಮಾಡ್ಕೊಡಲ್ಲ. ಒಳ್ಳೇ ಕಾಲು ಹಾಳಾಗ್ತವೆ" ಎಂದೆ.

"ಮತ್ತೆ ಸೀಮೆ ಪೂರ್ತಿ ಹೆಂಗ್ ಬರುತ್ತೆ ಅಕ್ಕ?" ಹಾಲೇಶನ ದನಿಯಲ್ಲಿ ನಿಜವಾದ ಆತಂಕವಿತ್ತು.

ನಾಲ್ಕು ದಿನದ ಮೇಲೆ ಏರಿಯ ಮೇಲೆ ಊರು ಸೇರಿತು. ಈ ಸಲ ಎಣಿಸಲು ನಂಜುಂಡಪ್ಪ ಕೂತಿದ್ದ. ಇನ್ನೂ ಒಂದು ರಾಶಿಯೂ ಬಿದ್ದಿರಲಿಲ್ಲ. ನಾನು ಹೋಗಿ ಏರಿಯ ನಡುಮಧ್ಯದಲ್ಲಿ ನನ್ನ ಎಡಗಾಲಿನ ಚಪ್ಪಲಿ ಬಿಟ್ಟೆ. ಹಾಲೇಶನ ಬೂಟಿನ ಅಟ್ಟೆ ಅದರಲ್ಲಿ ಹಾಗೆಯೇ ಇತ್ತು. ಈ ಸಲ ಸುತ್ತಲೂ ಮೊಳೆ ಹೊಡೆದಿದ್ದೆ.

"ಯಾವ ಸೀಮೆ ಗಾಳೆಕ್ಕ?" ಎಂದ ನಂಜುಂಡಪ್ಪ.

"ಕಡಲ ಸೀಮೆ" ಎಂದೆ. "ಕಡಲಿಗೂ ಒಂದು ಬೆನ್ನಿರಬೇಕು. ಮೊದಲ ಚಪ್ಪಲಿ ನಂದೇ, ನಾನೂ ಬರ್ತೀನಿ. ಸುತ್ಕೊಂಡು ಬರೋಣ."

ಹಾಲೇಶ ಮೊದಲು ಬಂದ, ಆಮೇಲೆ ಊರು ಬಂತು. ಇನ್ನೊಂದು ರಾಶಿ ಬೀಳಲೇ ಇಲ್ಲ.